ಕಮ್ಮಿ ಆಗೇತ್ರಿ

ಗಡ್ಡೆಯೊಳಗಿನ ನೀರಿಗೆ ಬಾಯಿ ಬಂದರೆ ಅದು ಏನು ಹೇಳೀತು? ಈ ಪ್ರಶ್ನೆಯ ಮೇಲೆ ನಾನು ಇಷ್ಟು ವರ್ಷ ಸಂಬಳ ತಿಂದಿದ್ದೇನೆ. ಕೊನೆಗೂ ನೀರಿಗೆ ಬಾಯಿ ಕೊಟ್ಟೆವು, ಅದೂ ಅಚ್ಚ ಹುಬ್ಬಳ್ಳಿಯ ಬಾಯಿ. ಅದು ಸತ್ಯವನ್ನೇ ಹೇಳಿತು. ಸತ್ಯ ಹೇಳಿಯೇ ನನ್ನ ಅಕ್ಕನ ಮನೆಗೆ ಕಲ್ಲು ಹಾಕಿತು.

ಸಿಟ್ಟಿನಲ್ಲಿ ಹೇಳುತ್ತಿದ್ದೇನೆ ಅಂತ ಅಂದುಕೊಳ್ಳುತ್ತೀರಿ. ಹೌದು, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ.

ಮೊದಲು ಯಂತ್ರದ ಕಥೆ. ನ್ಯೂರೋಎಂಡೋಕ್ರೈನ್ ಗಡ್ಡೆ ಅಂತ ಒಂದು ಜಾತಿಯ ಗಡ್ಡೆ ಇದೆ. ಕರುಳಿನಲ್ಲೋ ಮೇದೋಜೀರಕದಲ್ಲೋ ಹುಟ್ಟಿ, ಮೆಲ್ಲಗೆ ಲಿವರಿಗೆ ಬಂದು ಬಿಡಾರ ಹೂಡುತ್ತದೆ. ಇದರ ಗುಣ ವಿಚಿತ್ರ. ಕೆಲವರ ಹೊಟ್ಟೆಯಲ್ಲಿ ಇಪ್ಪತ್ತು ವರ್ಷ ಸುಮ್ಮನೆ ಮಲಗಿರುತ್ತದೆ, ಕೆಲವರನ್ನು ವರ್ಷ ತುಂಬುವುದರೊಳಗೆ ಮುಗಿಸುತ್ತದೆ. ಯಾವುದು ಮಲಗಿದ್ದು, ಯಾವುದು ಎದ್ದದ್ದು ಎಂದು ತಿಳಿಯಲು ಹಿಂದೆ ಸೂಜಿ ಚುಚ್ಚಿ ಚೂರು ತೆಗೆದು, ಎಷ್ಟು ಜೀವಕೋಶ ಒಡೆದು ಇಮ್ಮಡಿಯಾಗುತ್ತಿವೆ ಎಂದು ಎಣಿಸುತ್ತಿದ್ದರು. ಚುಚ್ಚಿದ ಜಾಗ ಮಲಗಿದ್ದು, ಪಕ್ಕದ್ದು ಎದ್ದದ್ದು ಆಗಿದ್ದರೆ ಮುಗಿಯಿತು ಕಥೆ.

ನಮ್ಮ ಎಂಆರ್‌ಐ ಯಂತ್ರ ಚುಚ್ಚುವುದಿಲ್ಲ. ಗಡ್ಡೆಯೊಳಗೆ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎಂದು ನೋಡುತ್ತದೆ. ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಹುಬ್ಬಳ್ಳಿಯ ದುರ್ಗದಬೈಲ ಪೇಟೆಯಲ್ಲಿ ಕೈಬೀಸಿಕೊಂಡು ನಡೆಯಬಹುದು, ಹಬ್ಬದ ಹಿಂದಿನ ಸಂಜೆ ಕಾಲಿಡಲೂ ಜಾಗ ಇರುವುದಿಲ್ಲ. ಗಡ್ಡೆಯೂ ಹಾಗೇ. ಮಲಗಿದ ಗಡ್ಡೆಯಲ್ಲಿ ಜೀವಕೋಶಗಳ ನಡುವೆ ಸಂದು ಇರುತ್ತದೆ, ನೀರು ಓಡಾಡುತ್ತದೆ. ಎದ್ದ ಗಡ್ಡೆಯಲ್ಲಿ ಕೋಶಗಳು ಒತ್ತೊತ್ತಾಗಿ ತುಂಬಿ, ನೀರಿನ ಓಡಾಟ ನಿಲ್ಲುತ್ತದೆ. ಆ ಓಡಾಟವನ್ನು ಅಳೆದು ಯಂತ್ರ ಒಂದು ಅಂಕಿ ಕೊಡುತ್ತದೆ. ಅದಕ್ಕೆ ನಾವಿಟ್ಟ ಹೆಸರು ಗತಿ ಅಂಕಿ. ಅಂಕಿ ಹೆಚ್ಚಿದ್ದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು. ಇದೊಂದನ್ನು ನೆನಪಿಟ್ಟುಕೊಳ್ಳಿ.

ತಾಲ್ಲೂಕಿಗೊಂದು ಯಂತ್ರ ಬಂತು, ಆದರೆ ಫಲಿತಾಂಶ ವಿವರಿಸಲು ಅಷ್ಟು ಡಾಕ್ಟರು ಎಲ್ಲಿಂದ ತರುವುದು? ಯಂತ್ರವೇ ಮಾತಾಡಲಿ ಎಂದರು. ರೋಗಿಯ ಸ್ವಂತ ಮಾತಿನಲ್ಲೇ ಹೇಳಲಿ, ಹೇಳಿದ ಮೇಲೆ ಒತ್ತಾಯ ಮಾಡದೆ ಮದ್ದು ಬೇಕೋ ಬೇಡವೋ ಕೇಳಲಿ, ಬೇಡ ಎಂದವರ ಬೆನ್ನು ಬೀಳದಿರಲಿ ಎಂದು ನಿಯಮ ಮಾಡಿದರು. ಬೇಕು ಎಂದವರಿಗೆ ಮಾತ್ರ ಡಾಕ್ಟರ ಫೋನು. ನಮ್ಮ ಯೋಜನೆಯ ಮುಖ್ಯಸ್ಥರು ಡಾ. ಚಕ್ರಪಾಣಿ. ಕನ್ನಡದ ಮೇಲೆ ಅಭಿಮಾನ ಉಕ್ಕಿ ಹರಿಯುವ ಮನುಷ್ಯ. "ಪುಸ್ತಕದ ಕನ್ನಡ ಬೇಡ, ಆಯಾ ಸೀಮೆಯ ಕನ್ನಡವೇ ಆಗಲಿ" ಎಂದು ಹಟ ಹಿಡಿದು, ಉತ್ತರದ ಜಿಲ್ಲೆಗಳಿಗೆ ಬೇರೆ, ಕರಾವಳಿಗೆ ಬೇರೆ, ಮೈಸೂರು ಕಡೆಗೆ ಬೇರೆ ಧ್ವನಿ ಮಾಡಿಸಿದರು. ಪತ್ರಿಕೆಗಳಲ್ಲಿ ಅವರ ಫೋಟೋ ಬಂತು. ಆ ಸಮಿತಿಯಲ್ಲಿ ಭಾಷೆ ಬಲ್ಲವರಿದ್ದರು, ಯಂತ್ರ ಬಲ್ಲವರಿದ್ದರು. ಕಾಯಿಲೆ ಬಿದ್ದವರು ಒಬ್ಬರೂ ಇರಲಿಲ್ಲ.

ನಾನು ತುಮಕೂರಿನ ನಿಯಂತ್ರಣ ಕೊಠಡಿಯಲ್ಲಿ ಭೌತವಿಜ್ಞಾನಿ. ಯಂತ್ರಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಕಾಯುವುದು ನನ್ನ ಕೆಲಸ. ಅವು ಏನು ಮಾತಾಡುತ್ತವೆ ಎನ್ನುವುದು ಇನ್ನೊಂದು ವಿಭಾಗದ್ದು.

ನನ್ನ ಅಕ್ಕ ನೀಲವ್ವ ಹುಬ್ಬಳ್ಳಿಯಲ್ಲಿ, ರೈಲ್ವೆ ವರ್ಕ್‌ಶಾಪಿನ ಹತ್ತಿರ ಖಾನಾವಳಿ ನಡೆಸುತ್ತಾಳೆ. ಅಪ್ಪ ಅವ್ವ ಹೋದ ಮೇಲೆ ನನಗೆ ಅವಳದೇ ತವರು. ಅವಳು ಬಡಿದ ರೊಟ್ಟಿಯ ದುಡ್ಡಿನಲ್ಲೇ ನಾನು ಎಂಎಸ್ಸಿ ಓದಿದ್ದು. ಅವಳು ತನಗಾಗಿ ಒಂದು ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಕೇಳಿದರೆ, "ದಿನಾ ನೂರ ಮಂದಿ ಗಂಡಸರಿಗೆ ಉಣ್ಣಾಕ ನೀಡತೀನಿ, ಇನ್ನೊಬ್ಬ ಯಾಕಬೇಕ?" ಎಂದು ನಗುತ್ತಿದ್ದಳು.

ಎರಡು ವರ್ಷದಿಂದ ಅವಳ ಮುಖ ಇದ್ದಕ್ಕಿದ್ದಂತೆ ಕೆಂಪಾಗುತ್ತಿತ್ತು. ಕುತ್ತಿಗೆಯಿಂದ ಏರಿ ಕಿವಿಯವರೆಗೂ ಕೆಂಪು. ಹೊಟ್ಟೆಯೂ ಸರಿ ಇರುತ್ತಿರಲಿಲ್ಲ. ಎಲ್ಲರೂ ಒಲೆಯ ಝಳ ಅಂದರು, ವಯಸ್ಸಿನ ಬಿಸಿ ಅಂದರು. ಹಂಚಿನ ಮುಂದೆ ಮೂವತ್ತು ವರ್ಷ ಕೂತವಳ ಮುಖ ಕೆಂಪಾಗದೆ ಇನ್ನೇನಾಗುತ್ತದೆ? ಮುಖ ಕೆಂಪು ಮಾಡುವ ರಸವನ್ನು ಗಡ್ಡೆಯೊಂದು ಒಳಗೆ ಕೂತು ಸುರಿಸುತ್ತಿದೆ ಎಂದು ಯಾರಿಗೆ ಹೊಳೆಯಬೇಕು. ನಾನೇ ಹಟ ಹಿಡಿದು ಪರೀಕ್ಷೆ ಮಾಡಿಸಿದೆ. ಕರುಳಿನಲ್ಲಿ ಒಂದು, ಲಿವರಿನಲ್ಲಿ ನಾಲ್ಕೈದು.

ನಮ್ಮದೇ ಯಂತ್ರದೊಳಗೆ ಅವಳು ಮೊದಲ ಸಲ ಮಲಗಿದಾಗ ಅದಕ್ಕಿನ್ನೂ ಬಾಯಿ ಬಂದಿರಲಿಲ್ಲ. ಅಂಕಿ ಚೆನ್ನಾಗಿತ್ತು. ಡಾಕ್ಟರು ಸಂತೋಷದಿಂದಲೇ ಹೇಳಿದರು, ಮಲಗಿದ ಗಡ್ಡೆ, ಆರು ತಿಂಗಳಿಗೊಮ್ಮೆ ನೋಡೋಣ, ಎದ್ದರೆ ಆಗ ಸೂಜಿಮದ್ದು. ಸೂಜಿಮದ್ದು ಒಳ್ಳೆಯದೇ. ರಕ್ತದಲ್ಲಿ ಹೋಗಿ ಗಡ್ಡೆಯ ಮೈಮೇಲಿನ ಕೊಕ್ಕೆಗಳಿಗೆ ಸಿಕ್ಕಿಹಾಕಿಕೊಂಡು, ಅಲ್ಲೇ ಕೂತು ವಿಕಿರಣದಿಂದ ಅದನ್ನು ಸುಡುತ್ತದೆ. ಆದರೆ ಗಡ್ಡೆ ತೀರಾ ಉಗ್ರವಾದರೆ ಆ ಕೊಕ್ಕೆಗಳನ್ನೇ ಕಳಚಿಕೊಳ್ಳುತ್ತದೆ, ಆಮೇಲೆ ಸೂಜಿಗೆ ಹಿಡಿತವಿಲ್ಲ. ಎದ್ದ ಕೂಡಲೇ ಹಿಡಿಯಬೇಕು, ಅಷ್ಟೇ ಉಪಾಯ.

"ಗಡ್ಡಿ ಮಕ್ಕೊಂಡೈತಂತ" ಎಂದಳು ಅಕ್ಕ ಫೋನಿನಲ್ಲಿ. "ನನಗರ ಮಧ್ಯಾಹ್ನ ಒಂದ ತಾಸ ಮಕ್ಕೊಳ್ಳಾಕ ಪುರಸೊತ್ತಿಲ್ಲ, ನನ್ನ ಹೊಟ್ಟ್ಯಾಗಿಂದ ಹಾಯಾಗಿ ಮಕ್ಕೊಂಡೈತಿ ನೋಡ!"

ಎರಡನೇ ಪರೀಕ್ಷೆ ಯುಗಾದಿಯ ಹೊತ್ತಿಗೆ ಇತ್ತು. ಬಂಧುಗಳ ಕಡತವನ್ನು ನಾವು ನೋಡುವಂತಿಲ್ಲ. ಸಂಬಂಧ ಗೊತ್ತಾದರೆ ಪರದೆ ತಾನೇ ಮುಚ್ಚಿಕೊಳ್ಳುತ್ತದೆ. ಏನಾಯಿತು ಎಂದು ಫೋನಿನಲ್ಲಿ ಕೇಳಿದೆ.

"ಎಲ್ಲಾ ಚಲೋ ಆಗೇತಿ. ಪಂಚಮಿಗೆ ಬಾ, ಬಾಯಾಗ ಉಂಡಿ ಇಟ್ಟ ಹೇಳತೀನಿ. ಇಂಥಾ ಸುದ್ದಿ ಫೋನ್‌ನ್ಯಾಗ ಹೇಳಬಾರದು, ದೃಷ್ಟಿ ಆಕ್ಕೈತಿ."

"ಡಾಕ್ಟರ್ ಏನಾರ ಫೋನ್ ಮಾಡಿದ್ರೇನ?"

"ಇಲ್ಲವಾ, ಯಾರೂ ಮಾಡಿಲ್ಲ."

ಗಡ್ಡೆ ಎದ್ದಿದ್ದರೆ ಅಕ್ಕ ಮದ್ದು ಬೇಕು ಎನ್ನದೆ ಇರುತ್ತಿರಲಿಲ್ಲ, ಬೇಕು ಎಂದಿದ್ದರೆ ಡಾಕ್ಟರ ಫೋನು ಬಾರದೆ ಇರುತ್ತಿರಲಿಲ್ಲ. ನನಗೂ ನೆಮ್ಮದಿಯಾಯಿತು.

ಆ ಬೇಸಿಗೆಯಲ್ಲಿ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಒಂದು ಗೆರೆ ಏರುತ್ತಲೇ ಹೋಯಿತು. ಮದ್ದು ಬೇಡ ಎಂದವರ ಗೆರೆ. ನಮ್ಮ ಯಂತ್ರಗಳು ಗಡಿಯಾಚೆ ಬೇರೆ ಭಾಷೆಯಲ್ಲೂ ಮಾತಾಡುತ್ತಿದ್ದವು, ಅಲ್ಲಿ ಬೇಡ ಎಂದವರು ಬೆರಳೆಣಿಕೆ. ನಮ್ಮ ಜಿಲ್ಲೆಗಳಲ್ಲಿ ಮಾತ್ರ ಗೆರೆ ಗಗನಕ್ಕೆ. ಅದರಲ್ಲೂ ಒಂದು ವಿಚಿತ್ರ ಕಂಡೆ. ಗಡ್ಡೆ ಮಲಗಿದವರು ಹೆದರಿ ಮದ್ದು ಕೇಳುತ್ತಿದ್ದರು, ಎದ್ದವರು ಬೇಡ ಎನ್ನುತ್ತಿದ್ದರು.

"ಅಳತೆಯಲ್ಲೇನಾದರೂ ತಪ್ಪಾಗಿದೆಯಾ?" ಎಂದು ಚಕ್ರಪಾಣಿ ನನ್ನನ್ನು ಕೇಳಿದರು. ಮತ್ತೆ ಮತ್ತೆ ತಾಳೆ ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಹಾಗಾದ್ರೆ ಜನಾನೇ ಹೀಗೆ ಬಿಡಿ" ಎಂದರು ಅವರು. "ಹಣೆಬರಹ, ಕರ್ಮ ಅಂತ ಕೂತುಬಿಡ್ತಾರೆ. ಅವರ ಭಾಷೇಲೇ ಹೇಳಿದ್ರೂ ತಲೆಗೆ ಹೋಗಲ್ಲ ಅಂದ್ರೆ ನಾವೇನ್ ಮಾಡೋಕಾಗುತ್ತೆ? ಅರಿವು ಮೂಡಿಸೋ ಶಿಬಿರ ಮಾಡೋಣ." ಶಿಬಿರಗಳಾದವು, ಬ್ಯಾನರು ಕಟ್ಟಿದರು, ಉಪ್ಪಿಟ್ಟು ಹಂಚಿದರು. ಗೆರೆ ಇಳಿಯಲಿಲ್ಲ.

ನಾಗರ ಪಂಚಮಿಗೆ ಹುಬ್ಬಳ್ಳಿಗೆ ಹೋದೆ. ಅಕ್ಕ ಹಿತ್ತಲ ತೊಲೆಗೆ ಜೋಕಾಲಿ ಕಟ್ಟಿಸಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ಡಬ್ಬಿ ಡಬ್ಬಿ ತುಂಬಿ ಇಟ್ಟಿದ್ದಳು. ಅವಳ ಸೊಂಟದಲ್ಲಿ ಸೀರೆ ನಿಲ್ಲುತ್ತಿರಲಿಲ್ಲ, ಕೆನ್ನೆ ಬತ್ತಿತ್ತು, ಮುಖ ಮಾತ್ರ ಕೆಂಡ.

"ಸೊರಗೀಯಲ್ಲಾ ಅಕ್ಕಾ?"

"ಉಪಾಸ ಹಿಡದಿದ್ದೆ. ಹರಕಿ ಇತ್ತು. ಬಾಯಿ ತಗಿ ಮೊದಲ." ನನ್ನ ಬಾಯಿಗೆ ಎಳ್ಳುಂಡಿ ತುರುಕಿದಳು. ಆಮೇಲೆ ಎರಡೂ ಕೈಯಲ್ಲಿ ನನ್ನ ಗಲ್ಲ ಹಿಡಿದು ಹೇಳಿದಳು, "ಕಮ್ಮಿ ಆಗೇತಿ, ಮಾದೇವಿ! ನಿನ್ನ ಮಿಷನ್ನ ಹೇಳ್ತು. ನಮ್ಮಂಗ ಮಾತಾಡತೈತಿ ಅದು, ಥೇಟ ನಮ್ಮ ಗಂಗತ್ತಿ ಮಾತಾಡಿದಂಗ. ಅಕ್ಕಾರ, ಹೋದ ಸಲಕ್ಕಿಂತ ನಿಮ್ಮ ಗಡ್ಡಿ ಗತಿ ಭಾಳ ಕಮ್ಮಿ ಆಗೇತ್ರಿ, ಅಂತು. ನನಗ ಅಲ್ಲೇ ಕಣ್ಣಾಗ ನೀರ ಬಂದ್ವು ನೋಡ. ಮದ್ದ ಬೇಕೇನ್ರಿ ಬ್ಯಾಡೇನ್ರಿ ಅಂತ ಕೇಳ್ತು. ಕಮ್ಮಿ ಆದಮ್ಯಾಲ ಇನ್ನ್ಯಾಕ ಮದ್ದು, ಬ್ಯಾಡ್ರಿ, ಅದನ್ನ ಯಾರರ ಬಡವರಿಗೆ ಕೊಡ್ರಿ ಅಂದೆ."

ಬಾಯಿಯಲ್ಲಿದ್ದ ಉಂಡಿಯನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಕಮ್ಮಿ! ನಮ್ಮಲ್ಲಿ ಕಾಯಿಲೆ ಬಿದ್ದವರನ್ನು ನೋಡಲು ಹೋದರೆ ಮೊದಲ ಮಾತೇ ಅದು. ಕಮ್ಮಿ ಆತೇನ? ಜ್ವರ ಕಮ್ಮಿ ಆಯಿತು, ಕೆಮ್ಮು ಕಮ್ಮಿ ಆಯಿತು, ಬ್ಯಾನಿ ಕಮ್ಮಿ ಆಯಿತು. ತೊಟ್ಟಿಲ ಕೂಸಿಗೂ ಗೊತ್ತು, ಕಮ್ಮಿ ಆಯಿತು ಅಂದರೆ ಗುಣವಾಯಿತು. ಈ ಪುಣ್ಯಾತ್ಮರು ನೀರಿನ ಓಡಾಟ ಕಮ್ಮಿ ಆಯಿತು ಎನ್ನುವುದನ್ನು ಅಳೆದು, ಯಂತ್ರಕ್ಕೆ ನಮ್ಮ ಗಂಗತ್ತೆಯ ಧ್ವನಿ ಕೊಟ್ಟು, ಸಾಯುವವರ ಕಿವಿಯಲ್ಲಿ ಅದನ್ನೇ ಊದಿದ್ದರು. ಪುಸ್ತಕದ ಒಣ ಕನ್ನಡದಲ್ಲಿ ಹೇಳಿದ್ದರೆ ಅಕ್ಕ ತಿಳಿಯಲಿಲ್ಲ ಎಂದು ಯಾರನ್ನಾದರೂ ಕೇಳುತ್ತಿದ್ದಳು. ತನ್ನದೇ ಮಾತಿನಲ್ಲಿ ಹೇಳಿದ್ದಕ್ಕೆ ನಂಬಿದಳು.

"ಯಾಕವಾ, ಉಂಡಿಯೊಳಗ ಕಲ್ಲ ಬಂತೇನ?" ಎಂದಳು ಅಕ್ಕ ನನ್ನ ಮುಖ ನೋಡಿ.

ಅಲ್ಲೇ, ಜೋಕಾಲಿಯ ಕೆಳಗೆ ಕೂಡಿಸಿಕೊಂಡು ಹೇಳಿದೆ. ಅವಳು ಅಳಲಿಲ್ಲ. ಒಂದು ಉಂಡಿ ತೆಗೆದುಕೊಂಡು ಅಂಗೈಯಲ್ಲಿ ಹಾಗೇ ಹಿಡಿದುಕೊಂಡಳು.

"ಅಂದ್ರ ನೀರಿಂದ ಕಮ್ಮಿ ಆಗೇತಿ, ನಂದಲ್ಲ."

"ಹೌದು."

"ಹಂಗಾರ ಆ ಬಾಯಿಬಡಕಿ ಮಿಷನ್ ನೆಟ್ಟಗ ಹೇಳಬೇಕಿಲ್ಲೋ, ಬ್ಯಾನಿ ಜಾಸ್ತಿ ಆಗೇತಿ ಅಂತ! ನನಗೇನ ಹೆದರಿಕಿ ಐತೇನ?"

ಮರುದಿನವೇ ತುಮಕೂರಿಗೆ ಓಡಿದೆ. ನನ್ನ ಕಣ್ಣಿಗೆ ಅಕ್ಕನ ಕಡತ ಮುಚ್ಚಿತ್ತು, ಬೇರೆಯವರದು ತೆರೆದೇ ಇತ್ತಲ್ಲ. ಬೇಡ ಎಂದವರ ಧ್ವನಿಗಳನ್ನು ಒಂದೊಂದಾಗಿ ಕೇಳಿದೆ. "ಕಮ್ಮಿ ಆತ್ರ್ಯಾ? ಮಠದ ಅಜ್ಜನ ಪುಣ್ಯ" ಎಂದು ಒಬ್ಬ ಮುದುಕ. "ಕಮ್ಮಿ ಆಗ್ಯದಂತ್ರೀ" ಎಂದು ಕಲಬುರಗಿ ಕಡೆಯ ಹೆಂಗಸು ಹೊರಗೆ ನಿಂತ ಗಂಡನಿಗೆ ಕೂಗಿ ಹೇಳುತ್ತಿದ್ದಾಳೆ. ಒಬ್ಬಾಕೆ ಯಂತ್ರಕ್ಕೆ ಕೈಮುಗಿದು, "ನಿನ್ನ ಹೊಟ್ಟಿ ತಣ್ಣಗಿರಲಿ ತಾಯಿ" ಎಂದಿದ್ದಳು. ಯಂತ್ರ ಪ್ರತಿಯೊಬ್ಬರಿಗೂ ತಿಳೀತೇನ್ರಿ ಎಂದು ಕೇಳಿತ್ತು. ಪ್ರತಿಯೊಬ್ಬರೂ ತಿಳೀತು ಎಂದಿದ್ದರು. ಕಡತದಲ್ಲಿ ದಾಖಲಾದದ್ದು ಒಂದೇ ಸಾಲು: ರೋಗಿ ತಿಳಿದು ನಿರಾಕರಿಸಿದ್ದಾರೆ.

ಮಲಗಿದ ಗಡ್ಡೆಯವರಿಗೆ ಗತಿ ಜಾಸ್ತಿ ಆಗೇತ್ರಿ ಎಂದಿತ್ತು. ಅವರು ಗತಿಗೆಟ್ಟೆವು ಎಂದು ಎದೆ ಹೊಡೆದುಕೊಂಡು ಬೇಡದ ಮದ್ದಿಗೆ ಕೈಚಾಚಿದ್ದರು.

ಚಕ್ರಪಾಣಿಯವರ ಕೋಣೆಗೆ ನುಗ್ಗಿ ಕೇಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ವಾಕ್ಯದಲ್ಲಿ ತಪ್ಪೇನಿದೆ ಹೇಳಿ, ಮಹಾದೇವಿ? ಗತಿ ಕಮ್ಮಿ ಆಗಿದೆ. ನಿಜ ತಾನೇ?"

"ಸರ್, ಮೊನ್ನೆ ನಿಮ್ಮ ಮೊಮ್ಮಗಳಿಗೆ ಡೆಂಗಿ ಆಗಿತ್ತಲ್ಲ. ಮನೆಗೆ ಫೋನ್ ಮಾಡಿ ಏನಂತ ಕೇಳಿದ್ರಿ?"

"ಏನಂತ ಕೇಳ್ತಾರೆ... ಕಮ್ಮಿ ಆಯ್ತಾ..." ಎಂದವರು ನಾಲಿಗೆ ಕಚ್ಚಿಕೊಂಡರು. ತಿಳಿಯಿತು ಅವರಿಗೆ, ಚೆನ್ನಾಗಿ ತಿಳಿಯಿತು. ಆದರೆ ಖುರ್ಚಿ ದೊಡ್ಡದಿತ್ತು. "ಅದು ಮನೆ ಮಾತು. ಇದು ವೈದ್ಯಕೀಯ ಸಂದರ್ಭ. ನೋಡೋಣ, ಸಮಿತಿಗೆ ಹಾಕ್ತೀನಿ."

"ಸಮಿತಿ ಕೂಡೋವರೆಗೆ ಗಡ್ಡೆ ಕಾಯುತ್ತಾ ಸರ್?"

"ಕೂಗಾಡಬೇಡಿ."

ಕೂಗಾಡಿದೆ. ಕಾರಿಡಾರಿನಲ್ಲಿದ್ದವರೆಲ್ಲ ಬಂದು ನೋಡುವ ಹಾಗೆ ಕೂಗಾಡಿದೆ. ಅದರಿಂದ ಎರಡು ಕೆಲಸವಾಯಿತು. ಯಂತ್ರಗಳ ಬಾಯಿಯನ್ನು ಅವತ್ತೇ ಬಂದ್ ಮಾಡಿದರು. ಮತ್ತು ನಿರಾಕರಿಸಿದವರನ್ನೆಲ್ಲ ಮತ್ತೆ ಕರೆಯಲು ಅಪ್ಪಣೆಯಾಯಿತು. ಕರೆದಾಗ ಕೆಲವರು ಬಂದರು. ಕೆಲವು ಮನೆಗಳಲ್ಲಿ ಫೋನೆತ್ತಿದವರು, "ಅವರಿಗೆ ಕಮ್ಮಿ ಆಗಿತ್ರಿ, ಆದ್ರೂ ಹೆಂಗ ಹೋದ್ರೋ ತಿಳೀವಲ್ದು" ಎಂದರು.

ಅಕ್ಕನನ್ನು ಮತ್ತೆ ಯಂತ್ರದೊಳಗೆ ಮಲಗಿಸಿದರು. ಕಡತ ನನಗೆ ಮುಚ್ಚಿದ್ದರೂ, ಡಾಕ್ಟರು ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಅವರ ಹೆಸರು ಡಾ. ಶಾಂತಾ ಯಲಿಗಾರ, ಒಳ್ಳೆಯ ಹೆಂಗಸು. ಲಿವರ್ ತುಂಬ ಕಪ್ಪು ಕಲೆಗಳು. ನೀರು ಎಲ್ಲೂ ಅಲುಗಾಡುತ್ತಿರಲಿಲ್ಲ.

"ಸೂಜಿಮದ್ದು?" ಎಂದೆ.

"ಕೊಕ್ಕಿಗೋಳ ಉಳದಿಲ್ಲರೀ ಮೇಡಂ. ಪರೀಕ್ಷೆ ಮಾಡಿ ನೋಡಿದ್ವಿ. ಕೊಟ್ಟರ ಮೈಯೆಲ್ಲಾ ಸುತ್ತಿ ಹೊರಗ ಹೋಗತೈತಿ, ಗಡ್ಡಿಗೆ ತಾಗೂದಿಲ್ಲ. ಯುಗಾದಿಗೆ ಬಂದಾಗ ಇದ್ದುವು. ಆಗ ಕೊಟ್ಟಿದ್ರ..." ಬೇರೆ ಔಷಧಿ ಕೊಡುತ್ತೇವೆ, ಸ್ವಲ್ಪ ದಿನ ದೂಡಬಹುದು ಎಂದರು. ನಾನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಅಕ್ಕನೇ ಬಂದು ಎಬ್ಬಿಸಿದಳು.

"ಏಳ. ಮಂದಿ ಊಟಕ್ಕ ಬರೂ ಹೊತ್ತಾತು."

ತನಿಖೆ ನಡೆಯಿತು. ಅಕ್ಕನ ಪರವಾಗಿ ನಾನು ದೂರು ಕೊಟ್ಟಿದ್ದೆ. ದೀಪಾವಳಿ ಕಳೆದು ಬಂದ ಉತ್ತರವನ್ನು ನಾನೇ ಅಕ್ಕನಿಗೆ ಓದಿ ಹೇಳಿದೆ. ಯಂತ್ರದ ಅಳತೆ ನಿಖರವಾಗಿದೆ. ವಾಕ್ಯ ವ್ಯಾಕರಣಬದ್ಧವಾಗಿದೆ, ಪ್ರಾದೇಶಿಕ ಸೊಗಡಿಗೆ ಅನುಗುಣವಾಗಿದೆ. ರೋಗಿ ತಿಳಿಯಿತು ಎಂದಿದ್ದಾರೆ. ಆದ್ದರಿಂದ ಯಾರ ಲೋಪವೂ ಕಂಡುಬರುವುದಿಲ್ಲ. ಆದರೂ ಜನಸಾಮಾನ್ಯರ ಹಿತದೃಷ್ಟಿಯಿಂದ ಇನ್ನು ಮುಂದೆ ಕಮ್ಮಿ ಎಂಬ ಪದ ಬಳಸದಿರಲು ತೀರ್ಮಾನಿಸಲಾಗಿದೆ. ಆ ಉತ್ತರ ಎಣ್ಣೆ ಹಚ್ಚಿದ ಬಾಳೆಗಿಡ, ಎಲ್ಲಿ ಹಿಡಿದರೂ ಜಾರುತ್ತದೆ. ಹೊಸ ಧ್ವನಿಯ ಉದ್ಘಾಟನೆಯಲ್ಲಿ ಚಕ್ರಪಾಣಿಯವರಿಗೆ ಮತ್ತೆ ಹಾರ ಬಿತ್ತು. ಜನರ ಮಾತಿಗೆ ಕಿವಿಗೊಟ್ಟವರು ಎಂದು.

"ವ್ಯಾಕರಣಬದ್ಧ ಅಂದ್ರೇನ?" ಎಂದಳು ಅಕ್ಕ.

"ಮಾತು ಸರಿ ಐತಿ ಅಂತ."

"ಮಾತ ಸರಿ ಐತಿ" ಎಂದು ಅವಳು ಹಾಗೇ ಹೇಳಿಕೊಂಡಳು. ಆಮೇಲೆ ಒಲೆಯ ಕಡೆ ತಿರುಗಿದಳು.

ನಾನು ರಜೆ ಹಾಕಿ ಅವಳ ಜೊತೆಗೇ ಉಳಿದೆ. ಈಗ ಹಿಟ್ಟು ನಾದುವುದಕ್ಕೂ ಅವಳಿಗೆ ಶಕ್ತಿ ಇಲ್ಲ. ಬಡಿಯಲು ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡಿದ್ದಾಳೆ. ತಾನು ದುಡ್ಡಿನ ಗಲ್ಲೆಯ ಹತ್ತಿರ ಖುರ್ಚಿಯಲ್ಲಿ ಶಾಲು ಹೊದ್ದು ಕೂತು, ರೊಟ್ಟಿ ದಪ್ಪಾದವು, ಪಲ್ಯಕ್ಕೆ ಖಾರ ಸಾಲದು ಎಂದು ಗದರುತ್ತಾಳೆ. ಒಂದು ಮಧ್ಯಾಹ್ನ ವರ್ಕ್‌ಶಾಪಿನ ಫಕೀರಪ್ಪ ಬಂದರು. ಇಪ್ಪತ್ತು ವರ್ಷದಿಂದ ಇಲ್ಲೇ ಉಣ್ಣುವವರು. ಕೈ ತೊಳೆದುಕೊಂಡು ಬಂದು ಅಕ್ಕನ ಮುಂದೆ ನಿಂತರು.

"ನೀಲಕ್ಕಾರ, ಹೆಂಗೈತ್ರಿ ಈಗ? ಕಮ್ಮಿ ಆತ್ರ್ಯಾ?"

ಅಕ್ಕ ನಕ್ಕಳು. ಮುಖ ಕುತ್ತಿಗೆಯಿಂದ ಕಿವಿಯವರೆಗೂ ಕೆಂಪೇರಿತ್ತು. ಗೊತ್ತಿಲ್ಲದವರಿಗೆ ಒಳ್ಳೆ ಕಳೆ ಬಂದಿದೆ ಅನ್ನಿಸಬೇಕು. "ಕಮ್ಮಿ ಆಗೇತ್ರಿ, ಫಕೀರಪ್ಪ. ಭಾಳ ಕಮ್ಮಿ ಆಗೇತಿ. ಕುಂದರ್ರಿ, ಬಿಸಿ ರೊಟ್ಟಿ ಬರ್ತಾವ."

ಅವರು ಹೋಗಿ ಕೂತ ಮೇಲೆ ನಾನು ಅವಳ ಕಿವಿಯ ಹತ್ತಿರ ಬಾಗಿ ಸಿಟ್ಟಿನಿಂದಲೇ ಕೇಳಿದೆ, "ಯಾಕ ಸುಳ್ಳ ಹೇಳತಿ?"

"ಸುಳ್ಳೇನ ಅದು? ಮಿಷನ್ ಹೇಳೇತಿ. ನಿಮ್ಮ ಸಾಹೇಬರೆಲ್ಲಾ ಕೂತು, ಮಾತ ಸರಿ ಐತಿ ಅಂತ ಬರದು ಕಳಿಸ್ಯಾರ." ಉಸಿರು ಎಳೆದುಕೊಂಡಳು. "ಜಾಸ್ತಿ ಆಗೇತಿ ಅಂದ್ರ ಆ ಮನಷ್ಯಾ ಉಣ್ಣೂದಿಲ್ಲ, ಮಾದೇವಿ. ಮುಂಜಾನಿಂದ ಕಬ್ಬಿಣ ಬಡದು ಬಂದಾನ. ಹೋಗ, ನೀಡ ಹೋಗ."

ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕಿಕೊಂಡು ಹೋದೆ. ಫಕೀರಪ್ಪ ಮೊದಲ ತುತ್ತು ಮುರಿಯುತ್ತ ನನ್ನ ಮುಖ ನೋಡಿದರು. ಮಿಷನ್‌ನ ಕೆಲಸದವಳು, ಓದಿದವಳು, ನಿಜ ಗೊತ್ತಿರುವವಳು ನಾನೇ ಅಲ್ಲವೇ.

"ಅಕ್ಕಾರ ಹೇಳಿದ್ದು ಖರೇ ಏನ್ರಿ, ಬಾಯಾರ? ಕಮ್ಮಿ ಆಗೇತಿ?"

ಗಲ್ಲೆಯ ಕಡೆಯಿಂದ ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ" ಎಂದೆ. "ಕಮ್ಮಿ ಆಗೇತ್ರಿ."

"ಚಲೋ ಆತು ಬಿಡ್ರಿ" ಎಂದು ಅವರು ಇನ್ನೊಂದು ರೊಟ್ಟಿ ಕೇಳಿದರು. ನಾನು ಒಳಗೆ ಹೋಗಿ ತಂದು ಹಾಕಿದೆ.